ಠಾಣೆ ಖಾಡಿಯ ಪಂಕ್ತಿ: ಯಾರಿಗೆ ಯಾವ ತುತ್ತು?

‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ?’ ಎಂಬ ಗಾದೆಯನ್ನು ನಾವೆಲ್ಲ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಜೀವ ಕೊಟ್ಟವನು ಅದಕ್ಕೆ ತಕ್ಕ ಅನ್ನವನ್ನೂ ಕೊಟ್ಟೇ ಕೊಡುತ್ತಾನೆಂಬ ಭರವಸೆ ಆ ಮಾತಿನಲ್ಲಿದೆ. ಆದರೆ ಜೀವವಿಜ್ಞಾನದ ಕಣ್ಣಿನಿಂದ ನೋಡಿದರೆ ಗಾದೆಯ ಪ್ರಶ್ನೆಗೆ ಬೇರೆಯೇ ಉತ್ತರ ದೊರೆಯುತ್ತದೆ. ಹುಟ್ಟಿಸಿದವನು ನಮಗೆಲ್ಲ ಹುಲ್ಲನ್ನೇ ಮೇಯಿಸುತ್ತಿದ್ದಾನೆ! ನಾವುಣ್ಣುವ ಅಕ್ಕಿ, ರಾಗಿ, ಜೋಳ, ಗೋಧಿ ಇವೆಲ್ಲವೂ ಹುಲ್ಲಿನ ಕುಲಕ್ಕೆ ಸೇರಿದ ಸಸ್ಯಗಳ ಕಾಳುಗಳೇ. ಹಾಲು, ಮೊಸರು, ತುಪ್ಪಗಳು ಹಸುವಿನ ಹೊಟ್ಟೆಯನ್ನು ಹಾದುಬಂದ ಹುಲ್ಲು. ಮೀನು ತಿನ್ನುವವರ ತಟ್ಟೆಗೆ ಬರುವುದೂ ನೀರಿನೊಳಗಿನ ಹಸಿರೇ. ಮೂರ್ನಾಲ್ಕು ಬಾಯಿಗಳನ್ನು ದಾಟಿ ಬಂದಿರುತ್ತದೆ, ಅಷ್ಟೆ.

ಈ ಮಾತನ್ನು ಪುಸ್ತಕದಲ್ಲಿ ಓದುವುದು ಬೇರೆ, ಕಣ್ಣಾರೆ ಕಾಣುವುದು ಬೇರೆ. ಅದನ್ನು ಕಾಣಲು ಮುಂಬಯಿ ಮತ್ತು ನವಿ ಮುಂಬಯಿಯ ಕನ್ನಡಿಗರಾದ ನಾವು ದೂರದ ಕಾಡಿಗೆ ಹೋಗಬೇಕಾಗಿಲ್ಲ. ಹಾರ್ಬರ್ ಮಾರ್ಗದ ಲೋಕಲ್ ಗಾಡಿ ಮಾನ್‌ಖುರ್ದ್ ದಾಟಿ ವಾಶಿಯ ಸೇತುವೆಯನ್ನು ಏರಿದಾಗ ಕಿಟಕಿಯಿಂದ ಹೊರಗೆ ನೋಡಿದರೆ ಸಾಕು. ಕೆಳಗೆ ಹಬ್ಬಿರುವ ನೀರು, ಕೆಸರು, ಹಸಿರು ಇದೆಯಲ್ಲ, ಅದೇ ಠಾಣೆ ಖಾಡಿ. ಸಮುದ್ರವು ನೆಲದೊಳಗೆ ಸುಮಾರು 26 ಕಿ.ಮೀ. ಉದ್ದಕ್ಕೆ ಚಾಚಿದ ತೋಳು ಇದು. ಬ್ಯಾಂಕಿನ ಕೆಲಸಕ್ಕೆಂದು ಹಲವು ವರ್ಷ ಈ ಸೇತುವೆಯನ್ನು ದಿನಕ್ಕೆರಡು ಬಾರಿ ದಾಟಿದ ನಾವು ಕೆಳಗೆ ನೋಡಿದ್ದು ಕಡಿಮೆ. ಇಳಿತದ ಹೊತ್ತಿನಲ್ಲಿ ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯಂತಹ ನಾತಕ್ಕೆ ಕರವಸ್ತ್ರ ಹಿಡಿದು, ಪತ್ರಿಕೆಯೊಳಗೆ ಮುಖ ಹುದುಗಿಸುವುದೇ ನಮ್ಮ ರೂಢಿಯಾಗಿತ್ತು.

ಒಂದು ಚಳಿಗಾಲದ ಭಾನುವಾರ ನಾಲ್ಕಾರು ಸಹೋದ್ಯೋಗಿಗಳು ಕೂಡಿ ಐರೋಲಿಯಿಂದ ದೋಣಿಯಲ್ಲಿ ಖಾಡಿಯೊಳಗೆ ಹೋಗಿಬಂದೆವು. ನಾವು ಕಲಾ ವಿಭಾಗದಲ್ಲಿ ಓದಿದವರು. ಜೀವಶಾಸ್ತ್ರವನ್ನು ಪ್ರೌಢಶಾಲೆಯಲ್ಲೇ ಬಿಟ್ಟುಬಂದವರು. ಆದರೂ ಅಂದು ಕಂಡದ್ದು ನಮ್ಮನ್ನು ಪುಸ್ತಕಗಳತ್ತ ತಿರುಗಿಸಿತು. ಒಂದೇ ಕೆಸರಿನ ಬಯಲಿನಲ್ಲಿ ನೂರಾರು ಬಗೆಯ ಜೀವಿಗಳು ಊಟಕ್ಕೆ ಕುಳಿತಿದ್ದವು. ಆದರೆ ಒಬ್ಬರ ಎಲೆಗೆ ಇನ್ನೊಬ್ಬರು ಕೈ ಹಾಕಿದ್ದು ಕಾಣಲಿಲ್ಲ. ಇದು ಹೇಗೆ ಸಾಧ್ಯ ಎಂಬುದೇ ಈ ಲೇಖನದ ವಿಷಯ.

ಮೊದಲು ಅಡುಗೆಯವರಿಂದಲೇ ಆರಂಭಿಸೋಣ. ಖಾಡಿಯ ಎರಡೂ ದಡಗಳಲ್ಲಿ ಕಾಂಡ್ಲಾ ಗಿಡಗಳು ದಟ್ಟವಾಗಿ ಬೆಳೆದಿವೆ. ಇವುಗಳಲ್ಲಿ ಹೆಚ್ಚಿನವು ಮರಾಠಿಗರು ತಿವರ್ ಎಂದು ಕರೆಯುವ ಜಾತಿಯವು. ಮರಗಿಡಗಳು ಮಣ್ಣನ್ನು ತಿಂದು ಬೆಳೆಯುತ್ತವೆ ಎಂದು ಹಿಂದಿನವರು ಭಾವಿಸಿದ್ದರು. ಬೆಲ್ಜಿಯಂ ಪ್ರದೇಶದ ವೈದ್ಯ ವಾನ್ ಹೆಲ್ಮಾಂಟ್ ಇದನ್ನು ಪರೀಕ್ಷಿಸಲು 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡ್ ತೂಕದ ಸಸಿಯೊಂದನ್ನು ನೆಟ್ಟು, ಐದು ವರ್ಷ ನೀರನ್ನಷ್ಟೇ ಎರೆದನು. ಗಿಡದ ತೂಕ 169 ಪೌಂಡಿಗೆ ಏರಿತ್ತು. ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು ಎರಡು ಔನ್ಸ್ ಮಾತ್ರ. ಆತನ ಮರಣಾನಂತರ 1648ರಲ್ಲಿ ಈ ಪ್ರಯೋಗದ ವಿವರ ಪ್ರಕಟವಾಯಿತು. ಗಿಡದ ಮೈಯೆಲ್ಲ ನೀರಿನಿಂದಲೇ ಆದದ್ದೆಂದು ಆತ ಊಹಿಸಿದನು. ಅದು ಅರ್ಧ ಸತ್ಯ. ಎಲೆಗಳು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅನ್ನು ಹೀರಿ, ಬೇರು ತಂದ ನೀರಿನೊಡನೆ ಬೆರೆಸಿ, ಬಿಸಿಲಿನ ಶಕ್ತಿಯಿಂದ ಸಕ್ಕರೆಯನ್ನು ತಯಾರಿಸುತ್ತವೆ ಎಂಬುದು ನಂತರದ ವಿಜ್ಞಾನಿಗಳ ಶ್ರಮದಿಂದ ತಿಳಿಯಿತು. ಗಾಳಿ, ನೀರು, ಬಿಸಿಲು ಈ ಮೂರೇ ಸಾಮಗ್ರಿಗಳಿಂದ ಅಡುಗೆ ಮಾಡಬಲ್ಲ ಬಾಣಸಿಗ ಬೇರೊಬ್ಬನಿಲ್ಲ.

ಕಾಂಡ್ಲಾ ಗಿಡದ ಅಡುಗೆಮನೆ ಇನ್ನೂ ಕಷ್ಟದ ಜಾಗದಲ್ಲಿದೆ. ಇಲ್ಲಿಯ ನೀರು ಉಪ್ಪು, ಕೆಸರಿನಲ್ಲಿ ಉಸಿರಾಡಲು ಗಾಳಿಯಿಲ್ಲ. ತಿವರ್ ಗಿಡ ಹೆಚ್ಚಿನ ಉಪ್ಪನ್ನು ಎಲೆಗಳ ಸೂಕ್ಷ್ಮ ಗ್ರಂಥಿಗಳ ಮೂಲಕ ಹೊರಗೆ ಹಾಕುತ್ತದೆ. ಎಲೆಯನ್ನು ಬೆರಳಿನಿಂದ ಒರೆಸಿ ನಾಲಗೆಗೆ ತಾಗಿಸಿದರೆ ಉಪ್ಪಿನ ರುಚಿ ಸಿಗುವುದು ಈ ಕಾರಣದಿಂದ. ಬೇರುಗಳಿಗೆ ಗಾಳಿ ಬೇಕೆಂದು ಪೆನ್ಸಿಲ್‌ನಂತಹ ಉಸಿರುಬೇರುಗಳನ್ನು ಕೆಸರಿನಿಂದ ಮೇಲಕ್ಕೆ ಚಾಚುತ್ತದೆ. ಗಿಡಗಳಲ್ಲದೆ ಇಳಿತದಲ್ಲಿ ತೆರೆದುಕೊಳ್ಳುವ ಕೆಸರಿನ ಮೇಲ್ಮೈಯಲ್ಲೂ ಕಣ್ಣಿಗೆ ಕಾಣದ ಪಾಚಿಯ ಕಣಗಳು ಇದೇ ಅಡುಗೆಯನ್ನು ಮಾಡುತ್ತಿರುತ್ತವೆ. ಕೆಸರಿನ ಮೇಲೆ ಕಾಣುವ ಹಸಿರು-ಕಂದು ಮಿರುಗು ಅವುಗಳದೇ. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ ಇವೆರಡೇ ಖಾಡಿಯ ಮುಖ್ಯ ಠೇವಣಿದಾರರು. ಉಳಿದವರೆಲ್ಲ ಈ ಠೇವಣಿಯ ಬಲದಿಂದ ಬದುಕುವ ಸಾಲಗಾರರು.

ಇನ್ನು ಪಂಕ್ತಿಯಲ್ಲಿ ಕುಳಿತವರನ್ನು ನೋಡೋಣ. ಕಾಂಡ್ಲಾ ಎಲೆ ಗಿಡದಲ್ಲಿರುವಾಗ ಅದನ್ನು ತಿನ್ನುವವರು ಕಡಿಮೆ. ಉದುರಿದ ಮೇಲೆಯೇ ಅದಕ್ಕೆ ಬೇಡಿಕೆ. ಕೆಲವು ಏಡಿಗಳು ಎಲೆಯನ್ನು ಎಳೆದುಕೊಂಡು ಹೋಗಿ ಬಿಲದೊಳಗಿಟ್ಟು ಚೂರುಚೂರಾಗಿ ತಿನ್ನುತ್ತವೆ. ಉಳಿದದ್ದನ್ನು ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾಗಳು ಕೊಳೆಸುತ್ತವೆ. ಇವುಗಳಿಗೆ ಬಾಯಿಲ್ಲ, ಹೊಟ್ಟೆಯಿಲ್ಲ. ಜೀರ್ಣರಸವನ್ನು ಹೊರಗೇ ಸುರಿದು, ಕರಗಿದ ಸಾರವನ್ನು ಮೈಯಿಂದಲೇ ಹೀರಿಕೊಳ್ಳುತ್ತವೆ. ನಾವು ಉಂಡು ಅರಗಿಸುತ್ತೇವೆ. ಇವು ಅರಗಿಸಿ ಉಣ್ಣುತ್ತವೆ. ಕೆಸರಿನ ಆಳದಲ್ಲಿ ಆಮ್ಲಜನಕವಿಲ್ಲದೆಡೆ ಬದುಕುವ ಬ್ಯಾಕ್ಟೀರಿಯಾಗಳು ಸಮುದ್ರದ ನೀರಿನಲ್ಲಿರುವ ಸಲ್ಫೇಟ್ ಲವಣವನ್ನೇ ಉಸಿರಿಗೆ ಬಳಸಿ, ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಬಿಡುತ್ತವೆ. ನಮ್ಮನ್ನು ಕರವಸ್ತ್ರ ಹಿಡಿಯುವಂತೆ ಮಾಡಿದ ನಾತದಲ್ಲಿ ನಗರದ ಕೊಳಚೆಯ ಪಾಲೂ ಉಂಟು, ನಿಜ. ಆದರೆ ಅದರಲ್ಲಿ ಒಂದಂಶ ಈ ಅದೃಶ್ಯ ಪಂಕ್ತಿಯ ಉಸಿರು ಎಂದು ತಿಳಿದ ಮೇಲೆ ಮೂಗು ಮುಚ್ಚುವಾಗ ನಮಗೆ ತುಸು ಸಂಕೋಚವಾಗುತ್ತದೆ.

ಕೆಸರಿನ ಮೇಲೆ ಸಾವಿರಾರು ಸಂಖ್ಯೆಯಲ್ಲಿ ಓಡಾಡುವ ಪಿಟೀಲು ಏಡಿಗಳ ಊಟ ನೋಡಲು ಬಹಳ ಸ್ವಾರಸ್ಯಕರ. ಗಂಡಿನ ಒಂದು ಕೊಂಡಿ ಮೈಗಿಂತಲೂ ದೊಡ್ಡದೇನೋ ಎನಿಸುವಂತಿರುತ್ತದೆ. ಹೆಣ್ಣನ್ನು ಕರೆಯಲು, ಎದುರಾಳಿಯನ್ನು ಬೆದರಿಸಲು ಅದು ಬೇಕು. ಊಟಕ್ಕೆ ಮಾತ್ರ ನಿರುಪಯೋಗಿ. ಆದ್ದರಿಂದ ಗಂಡು ಉಳಿದೊಂದು ಸಣ್ಣ ಕೊಂಡಿಯಿಂದಲೇ ಕೆಸರನ್ನು ಬಾಯಿಗೆ ತುಂಬಿಕೊಳ್ಳುತ್ತದೆ. ಹೆಣ್ಣಾದರೋ ಎರಡೂ ಕೈಗಳಿಂದ ಉಣ್ಣುತ್ತದೆ! ಬಾಯಿಯ ಕೂದಲಿನಂತಹ ಭಾಗಗಳು ಕೆಸರಿನಿಂದ ಪಾಚಿ ಮತ್ತು ಕೊಳೆತ ಎಲೆಯ ಕಣಗಳನ್ನು ಸೋಸಿಕೊಂಡು, ಮಣ್ಣನ್ನು ಸಣ್ಣ ಉಂಡೆಯಾಗಿಸಿ ಕೆಳಗಿಡುತ್ತವೆ. ಬಿಲದ ಸುತ್ತ ಸಾಲಾಗಿ ಕಾಣುವ ಮಣ್ಣಿನ ಗುಳಿಗೆಗಳು ಊಟ ಮುಗಿದ ಎಲೆಗಳಿದ್ದಂತೆ.

ಪಕ್ಕದಲ್ಲೇ ಕೋಳಿಗರು ನಿವಟಿ ಎನ್ನುವ ಕೆಸರುಮೀನು ತೆವಳುತ್ತಿರುತ್ತದೆ. ಮೀನಾಗಿಯೂ ನೆಲದ ಮೇಲೆ ಕುಪ್ಪಳಿಸುವ ಈ ಜೀವಿಗಳಲ್ಲಿಯೇ ಎರಡು ಪಂಗಡ. ಒಂದು ತಲೆಯನ್ನು ಎಡಕ್ಕೂ ಬಲಕ್ಕೂ ಬೀಸುತ್ತ, ಕೆಸರಿನ ಮೇಲಿನ ಪಾಚಿಯ ಪದರವನ್ನು ಕೆರೆದು ತಿನ್ನುವ ಸಸ್ಯಾಹಾರಿ. ಇನ್ನೊಂದು ಸಣ್ಣ ಏಡಿ, ಹುಳುಗಳನ್ನು ಹಿಡಿಯುವ ಬೇಟೆಗಾರ. ನೀರಿನಲ್ಲಿರುವ ಮೀನು ನೀರನ್ನು ಹೀರಿ ಆಹಾರವನ್ನು ಗಂಟಲಿಗೆ ಸೆಳೆದುಕೊಳ್ಳುತ್ತದೆ. ನೆಲದ ಮೇಲೆ ಅದು ಹೇಗೆ ಸಾಧ್ಯ? ಕೆಸರುಮೀನು ಬಾಯಿಯಲ್ಲಿ ನೀರನ್ನು ತುಂಬಿಕೊಂಡೇ ಬಂದು, ಆ ನೀರನ್ನು ಮುಂದಕ್ಕೆ ಚಾಚಿ ಹಿಂದಕ್ಕೆ ಎಳೆದು ನಾಲಗೆಯಂತೆ ಬಳಸುತ್ತದೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬುತ್ತಿಯ ಜೊತೆ ಚಮಚವನ್ನೂ ಮನೆಯಿಂದಲೇ ತಂದಂತೆ!

ಚಿಪ್ಪಿನ ಜೀವಿಗಳದು ಇನ್ನೊಂದು ದಾರಿ. ಇವು ಆಹಾರವನ್ನು ಹುಡುಕಿಕೊಂಡು ಹೋಗುವುದಿಲ್ಲ. ಉಬ್ಬರದ ನೀರು ಬಂದಾಗ ಚಿಪ್ಪನ್ನು ತುಸು ತೆರೆದು, ನೀರನ್ನು ಒಳಕ್ಕೆಳೆದು, ಕಿವಿರುಗಳ ಜರಡಿಯಲ್ಲಿ ಕಣಗಳನ್ನು ಸೋಸಿಕೊಂಡು ಹೊರಕ್ಕೆ ಬಿಡುತ್ತವೆ. ಇಳಿತದ ಹೊತ್ತಿಗೆ ಚಿಪ್ಪು ಮುಚ್ಚಿ ಉಪವಾಸ. ಕೆಸರಿನ ಹಕ್ಕಿಗಳಿಗೆ ಊಟದ ಹೊತ್ತು ಇದೇ ಇಳಿತ. ಕಡಲಗೊರವಗಳಲ್ಲಿ ಉದ್ದ ಬಾಗಿದ ಕೊಕ್ಕಿನ ಹಕ್ಕಿ ಆಳದಲ್ಲಿ ಅಡಗಿದ ಹುಳುವನ್ನೂ ಏಡಿಯನ್ನೂ ತೆಗೆಯುತ್ತದೆ. ಗಿಡ್ಡ ಕೊಕ್ಕಿನ ಉಲ್ಲಂಕಿ ಮೇಲ್ಪದರವನ್ನೇ ಕುಕ್ಕುತ್ತದೆ. ಉಲ್ಲಂಕಿಯ ಕೊಕ್ಕಿನ ತುದಿಯಲ್ಲಿ ಸ್ಪರ್ಶದ ಸೂಕ್ಷ್ಮ ಗುಳಿಗಳಿರುವುದರಿಂದ ಕಣ್ಣಿಗೆ ಕಾಣದ ಬೇಟೆಯೂ ಅದಕ್ಕೆ ತಿಳಿಯುತ್ತದೆ. ಟಿಟ್ಟಿಭದ ಬಳಗದ ಹಕ್ಕಿಗಳು ಮಾತ್ರ ಕಣ್ಣನ್ನೇ ನಂಬಿ, ಓಡಿ, ನಿಂತು, ನೋಡಿ, ಕುಕ್ಕುತ್ತವೆ. ಒಂದೇ ಗೇಣು ಕೆಸರಿನಲ್ಲಿ ಬೆರಳಷ್ಟು ಆಳದ ಅನ್ನ ಒಬ್ಬರದು, ಅಂಗೈಯಷ್ಟು ಆಳದ್ದು ಇನ್ನೊಬ್ಬರದು. ಎಲೆಗಳು ಬೇರೆಬೇರೆಯಾದ ಕಾರಣ ಜಗಳ ಕಡಿಮೆ.

ಈಗ ಪಂಕ್ತಿಯ ಪ್ರಮುಖ ಅತಿಥಿಗಳತ್ತ ಬರೋಣ. ಅವೇ ರಾಜಹಂಸಗಳು. ಸುಮಾರು ನವೆಂಬರಿನಿಂದ ಮೇ ತಿಂಗಳವರೆಗೆ ಖಾಡಿಯನ್ನು ಗುಲಾಬಿ ಬಣ್ಣದಿಂದ ತುಂಬುವ ಈ ಹಕ್ಕಿಗಳು ಮುಂಬಯಿಯತ್ತ ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದ್ದು 1990ರ ದಶಕದಿಂದ. 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 2019ರಲ್ಲಿ ನಡೆಸಿದ ಎಣಿಕೆಯಲ್ಲಿ ಇವುಗಳ ಸಂಖ್ಯೆ ಒಂದು ಲಕ್ಷವನ್ನು ದಾಟಿತ್ತು. ಇವುಗಳಲ್ಲಿ ಬಹುಪಾಲು ಕಿರು ರಾಜಹಂಸಗಳು. ಉಳಿದವು ದೊಡ್ಡ ರಾಜಹಂಸಗಳು.

ರಾಜಹಂಸ ಉಣ್ಣುವುದು ತಲೆಕೆಳಗಾಗಿ. ಉದ್ದ ಕೊರಳನ್ನು ಬಾಗಿಸಿ, ಕೊಕ್ಕಿನ ಮೇಲ್ಭಾಗ ಕೆಳಗಾಗುವಂತೆ ನೀರಿನಲ್ಲಿಳಿಸುತ್ತದೆ. ಆದ್ದರಿಂದ ಇತರ ಹಕ್ಕಿಗಳಿಗೆ ವಿರುದ್ಧವಾಗಿ ಇದರ ಕೆಳಗೊಕ್ಕು ದೊಡ್ಡ ದೋಣಿಯಂತೆಯೂ, ಮೇಲ್ಗೊಕ್ಕು ತೆಳುವಾದ ಮುಚ್ಚಳದಂತೆಯೂ ಇದೆ. ಒಳಗೆ ದಪ್ಪನೆಯ ನಾಲಗೆ ಪಿಚಕಾರಿಯ ದಂಡದಂತೆ ಹಿಂದೆ ಮುಂದೆ ಆಡುತ್ತ ನೀರನ್ನು ಎಳೆದು ಹೊರಹಾಕುತ್ತದೆ. ಕಿರು ರಾಜಹಂಸದಲ್ಲಿ ಇದು ಸೆಕೆಂಡಿಗೆ 20 ಸಲದವರೆಗೂ ನಡೆಯುತ್ತದೆ. ಕೊಕ್ಕಿನ ಅಂಚಿನಲ್ಲಿರುವ ಜರಡಿಯ ಎಳೆಗಳು ಆಹಾರವನ್ನು ತಡೆದು ನಿಲ್ಲಿಸುತ್ತವೆ. ಕಿರು ರಾಜಹಂಸದ ಜರಡಿ ಬಹಳ ನವಿರು. ಅದರಲ್ಲಿ ಸಿಗುವುದು ಸೂಕ್ಷ್ಮ ಪಾಚಿ. ದೊಡ್ಡದರ ಜರಡಿ ಒರಟು; ಅದರಲ್ಲಿ ಸಿಗುವುದು ಸಣ್ಣ ಸೀಗಡಿ, ಶಂಖದ ಹುಳು ಇತ್ಯಾದಿ. ನಮ್ಮ ಅಡುಗೆಮನೆಯಲ್ಲಿ ಮೈದಾ ಜರಡಿಯೂ ರವೆ ಜರಡಿಯೂ ಬೇರೆಯಾಗಿರುವಂತೆ ಇದು. ಚಿಲಿ ದೇಶದ ಜಾತಿಯ ರಾಜಹಂಸಗಳನ್ನು ಕುರಿತು 2025ರಲ್ಲಿ ಪ್ರಕಟವಾದ ಸಂಶೋಧನೆಯು, ಅವು ಕಾಲು ತುಳಿದು, ತಲೆಯನ್ನು ಸರಕ್ಕನೆ ಮೇಲೆತ್ತಿ ನೀರಿನಲ್ಲಿ ಸುಳಿಗಳನ್ನೆಬ್ಬಿಸಿ, ಆ ಸುಳಿಯಲ್ಲಿ ಬೇಟೆಯನ್ನು ಒಟ್ಟುಗೂಡಿಸುತ್ತವೆಂದು ತೋರಿಸಿದೆ. ಸೋಸುವುದಷ್ಟೇ ಅಲ್ಲ, ಕಲಸುವುದೂ ಗೊತ್ತು!

ರಾಜಹಂಸದ ಗುಲಾಬಿ ಬಣ್ಣ ಹುಟ್ಟಿನಿಂದ ಬಂದುದಲ್ಲ, ಊಟದಿಂದ ಬಂದುದು. ಪಾಚಿಯಲ್ಲೂ ಸೀಗಡಿಯಲ್ಲೂ ಇರುವ ಕೆರೋಟಿನ್ ಜಾತಿಯ ವರ್ಣದ್ರವ್ಯಗಳು ರೆಕ್ಕೆಗಳಿಗೆ ಬಣ್ಣ ಕೊಡುತ್ತವೆ. ಮರಿಗಳು ಬೂದು ಬಣ್ಣದವು. ನಮ್ಮ ದೇಶದಲ್ಲಿ ಇವು ಮರಿ ಮಾಡುವ ಮುಖ್ಯ ತಾಣ ಗುಜರಾತಿನ ಕಛ್‌ ರಣ. ಅಲ್ಲಿ ತಾಯಿ ಮಾತ್ರವಲ್ಲ, ತಂದೆಯೂ ಅನ್ನನಾಳದ ಭಾಗದಲ್ಲಿ ಕೆಂಪನೆಯ ಹಾಲಿನಂತಹ ದ್ರವವನ್ನು ಸ್ರವಿಸಿ ಮರಿಗೆ ಉಣಿಸುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ರಾಜಹಂಸಗಳು ಲಕ್ಷ ಸಂಖ್ಯೆಯಲ್ಲಿರುವಾಗ ಅದೇ ಖಾಡಿಯ ಮೇಲೆ ಸುತ್ತುವ ಗರುಡಗಳು ಏಕೆ ಬೆರಳೆಣಿಕೆಯಷ್ಟೇ ಕಾಣುತ್ತವೆ? ಇದಕ್ಕೆ ಉತ್ತರವನ್ನು ಅಮೆರಿಕದ ರೇಮಂಡ್ ಲಿಂಡೆಮನ್ ಎಂಬ ತರುಣ ವಿಜ್ಞಾನಿ ಮಿನೆಸೋಟ ರಾಜ್ಯದ ಪುಟ್ಟ ಕೆರೆಯೊಂದರ ಲೆಕ್ಕ ಬರೆದು, 1942ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಸೂಚಿಸಿದನು. ಒಂದು ಬಾಯಿಯಿಂದ ಇನ್ನೊಂದು ಬಾಯಿಗೆ ಆಹಾರ ವರ್ಗಾವಣೆಯಾದಾಗಲೆಲ್ಲ ಅದರ ಶಕ್ತಿಯ ಬಹುಭಾಗ ಉಸಿರಾಟ, ಓಡಾಟ, ಮೈಬಿಸಿಗೆ ಖರ್ಚಾಗಿ, ಮುಂದಿನವರಿಗೆ ದಕ್ಕುವುದು ಸ್ಥೂಲವಾಗಿ ಹತ್ತರಲ್ಲೊಂದು ಪಾಲು. ಪಾಚಿಯಲ್ಲಿ ಸಾವಿರ ರೂಪಾಯಿ ಇದೆಯೆಂದು ಇಟ್ಟುಕೊಳ್ಳಿ. ಅದನ್ನು ತಿಂದ ಸೀಗಡಿಗೆ ನೂರು, ಸೀಗಡಿಯನ್ನು ತಿಂದ ಮೀನಿಗೆ ಹತ್ತು, ಮೀನನ್ನು ಹಿಡಿದ ಗರುಡನಿಗೆ ಒಂದೇ ರೂಪಾಯಿ. ವರ್ಗಾವಣೆಗೆ ನೂರಕ್ಕೆ ತೊಂಬತ್ತು ಶುಲ್ಕ ಕಡಿಯುವ ಬ್ಯಾಂಕಿನಲ್ಲಿ ನಮ್ಮಲ್ಲಿ ಯಾರೂ ಖಾತೆ ತೆರೆಯಲಾರರು! ಕಿರು ರಾಜಹಂಸ ಮಧ್ಯವರ್ತಿಗಳಿಲ್ಲದೆ ನೇರವಾಗಿ ಠೇವಣಿಗೇ ಬಾಯಿ ಹಾಕಿರುವುದರಿಂದ ಅದರ ಕುಲ ಲಕ್ಷಗಟ್ಟಲೆ ಬಾಳಬಲ್ಲದು. ಗರುಡ ಕೊನೆಯ ಮೆಟ್ಟಿಲಿನವನಾದ್ದರಿಂದ ಅದರ ಸಂಖ್ಯೆ ಕಡಿಮೆಯಾಗಲೇಬೇಕು. ದೊರೆಗಳು ಎಲ್ಲಿಯೂ ಕೆಲವರೇ.

ಇದೇ ಮೆಟ್ಟಿಲುಗಳಿಗೆ ಇನ್ನೊಂದು ಮುಖವೂ ಉಂಟು. ಶಕ್ತಿ ಮೇಲೇರಿದಂತೆ ಕರಗುತ್ತದೆ. ಪಾದರಸದಂತಹ ವಿಷವಾದರೋ ಮೇಲೇರಿದಂತೆ ಹೆಚ್ಚು ಸಾಂದ್ರವಾಗುತ್ತದೆ. ಆದ್ದರಿಂದ ಕೆಸರಿಗೆ ನಾವು ಸೇರಿಸಿದ್ದು ಕೊನೆಗೆ ಮೀನಿನ ಜೊತೆ ನಮ್ಮ ಮನೆಯ ಬಾಗಿಲಿಗೇ ಬರಬಹುದು. ಹಾಗೆಯೇ ನಗರದ ಕೊಳಚೆಯಲ್ಲಿರುವ ಸಾರಜನಕ, ರಂಜಕಗಳು ಖಾಡಿಯ ಪಾಚಿಗೆ ಗೊಬ್ಬರವಾಗುತ್ತವೆ. ರಾಜಹಂಸಗಳನ್ನು ಇಲ್ಲಿಗೆ ಸೆಳೆದುದರಲ್ಲಿ ಅದರ ಪಾಲೂ ಇದೆ ಎಂಬುದು ತಜ್ಞರ ಅಭಿಪ್ರಾಯ. ಇದನ್ನು ಕೇಳಿ ಸಮಾಧಾನ ಪಡುವಂತಿಲ್ಲ. ಗೊಬ್ಬರ ಅತಿಯಾದಾಗ ಪಾಚಿ ಕೊಬ್ಬಿ, ಕೊಳೆತು, ನೀರಿನ ಆಮ್ಲಜನಕವನ್ನೆಲ್ಲ ಕಬಳಿಸುತ್ತದೆ. ಆಗ ಉಸಿರುಗಟ್ಟುವುದು ಮೀನಿಗೆ, ಬರಿದಾಗುವುದು ಕೋಳಿಗರ ಬಲೆ. ರಾಜಹಂಸ ಬಂದಿತೆಂದರೆ ಖಾಡಿ ಆರೋಗ್ಯವಾಗಿದೆ ಎಂದು ಪ್ರಮಾಣಪತ್ರ ಬರೆದುಕೊಡುವಂತಿಲ್ಲ.

ಈ ಪಂಕ್ತಿಗೆ ಬಡಿಸುವವರು ಯಾರು ಎಂದು ಕೇಳಿದರೆ ಉತ್ತರ ಒಂದೇ: ಉಬ್ಬರವಿಳಿತ. ದಿನಕ್ಕೆ ಎರಡು ಸಲ ಬರುವ ನೀರು ಚಿಪ್ಪಿಗೆ ಕಣಗಳನ್ನು, ಕಾಂಡ್ಲಾಕ್ಕೆ ಹೂಳನ್ನು, ಪಾಚಿಗೆ ತೇವವನ್ನು ತರುತ್ತದೆ. ದಿನಕ್ಕೆ ಎರಡು ಸಲ ಹಿಂದೆ ಸರಿದು ಏಡಿಗೂ ಹಕ್ಕಿಗೂ ಬಯಲನ್ನು ತೆರೆದುಕೊಡುತ್ತದೆ. ಬಡಿಸುವವನ ಕೈ ಹಿಡಿದರೆ ಏನಾಗುತ್ತದೆಂಬುದನ್ನು ನವಿ ಮುಂಬಯಿಯಲ್ಲಿರುವ ನಾವು 2024ರಲ್ಲಿ ಕಂಡೆವು. ಖಾಡಿಗೆ ಹೊಂದಿಕೊಂಡ ನೆರೂಲಿನ ಕೆರೆಯೊಂದಕ್ಕೆ ಉಬ್ಬರದ ನೀರು ಬರುವ ಹಾದಿ ಮುಚ್ಚಿಹೋಗಿ ಕೆರೆ ಬತ್ತಿತು. ಆ ಬೇಸಿಗೆಯಲ್ಲಿ ಆಸುಪಾಸಿನಲ್ಲಿ ದಿಕ್ಕು ತಪ್ಪಿದಂತೆ ಅಲೆದ ರಾಜಹಂಸಗಳಲ್ಲಿ ಕೆಲವು ಸತ್ತವು. ಯಾರೂ ಬಂದೂಕು ಹಿಡಿದಿರಲಿಲ್ಲ, ಮರ ಕಡಿದಿರಲಿಲ್ಲ. ನೀರಿನ ಹಾದಿಯೊಂದು ಮುಚ್ಚಿತ್ತು, ಅಷ್ಟೆ.

ಕಾನೂನಿನ ರಕ್ಷಣೆ ಇಲ್ಲವೆಂದಲ್ಲ. ಮಹಾರಾಷ್ಟ್ರ ಸರಕಾರವು 2012ರಲ್ಲಿ ಕಾಂಡ್ಲಾ ವನಗಳಿಗಾಗಿಯೇ ಪ್ರತ್ಯೇಕ ಘಟಕವನ್ನು ಸ್ಥಾಪಿಸಿತು. 2015ರಲ್ಲಿ ಖಾಡಿಯ ಸುಮಾರು 17 ಚದರ ಕಿ.ಮೀ. ಪ್ರದೇಶ ರಾಜಹಂಸ ಅಭಯಾರಣ್ಯವಾಯಿತು. 2018ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಕಾಂಡ್ಲಾ ನಾಶವು ನಾಗರಿಕರ ಬದುಕುವ ಹಕ್ಕಿಗೇ ಧಕ್ಕೆಯೆಂದು ತೀರ್ಪು ನೀಡಿತು. 2022ರಲ್ಲಿ ಠಾಣೆ ಖಾಡಿಯು ಅಂತಾರಾಷ್ಟ್ರೀಯ ಮಹತ್ವದ ರಾಮ್‌ಸರ್ ತಾಣಗಳ ಪಟ್ಟಿಗೆ ಸೇರಿತು. ಆದರೆ ಗಡಿಗೆರೆ ಎಳೆದ ನಕ್ಷೆ ಹಕ್ಕಿಗೆ ಓದಲು ಬಾರದು. ಉಬ್ಬರದಲ್ಲಿ ಖಾಡಿ ಮುಳುಗಿದಾಗ ಅದು ಗಡಿಯ ಹೊರಗಿನ ಕೆರೆ, ಜೌಗುಗಳಿಗೇ ಹೋಗಿ ನಿಲ್ಲಬೇಕು.

ನಮ್ಮಲ್ಲಿ ಕರಾವಳಿಯಿಂದ ಬಂದವರಿಗೆ ಇದೆಲ್ಲ ಹೊಸದಲ್ಲ. ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನೀರಿಗಿಳಿದು ಚಿಪ್ಪಿ ಆಯುವವರನ್ನು, ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೆ ಜಗ್ಗದೆ ಬೆಳೆಯುವ ಕಗ್ಗ ಭತ್ತವನ್ನು ಕಂಡವರು ನಮ್ಮ ನಡುವೆ ಇದ್ದಾರೆ. ಆ ಅಳಿವೆಯೂ 2024ರಲ್ಲಿ ರಾಮ್‌ಸರ್ ತಾಣವೆಂದು ಘೋಷಿತವಾಯಿತು. ಊರಿನ ಅಳಿವೆಯನ್ನು ನೆನೆದು ಹನಿಗಣ್ಣಾಗುವ ನಾವು, ಅನ್ನ ಕೊಟ್ಟ ನಗರದ ಖಾಡಿಯನ್ನು ಮಾತ್ರ ಕೊಳಚೆಯೆಂದು ಕಡೆಗಣಿಸುವುದು ನ್ಯಾಯವೇ? ‘ಪಾಳು ಜಾಗ, ಮಣ್ಣು ತುಂಬಿದರೆ ಉಪಯೋಗಕ್ಕೆ ಬರುತ್ತದೆ’ ಎಂಬ ಮಾತು ನಮ್ಮ ಹೌಸಿಂಗ್ ಸೊಸೈಟಿಯ ಸಭೆಗಳಲ್ಲಿಯೂ ಕೇಳಿಬರುತ್ತದೆ. ಆಗ ಆ ಪಾಳು ಜಾಗದಲ್ಲಿ ಎಷ್ಟು ಎಲೆಗಳು ಹಾಕಿವೆಯೆಂದು ತಿಳಿದ ಒಬ್ಬರಾದರೂ ಎದ್ದು ನಿಂತು ಹೇಳಬೇಕು.

ಆದ್ದರಿಂದ ಓದುಗರಲ್ಲಿ ನಮ್ಮದೊಂದು ವಿನಂತಿ. ಮುಂದಿನ ಸಲ ವಾಶಿ ಸೇತುವೆಯನ್ನು ದಾಟುವಾಗ ಕರವಸ್ತ್ರವನ್ನು ತೆಗೆದು ಒಮ್ಮೆ ಕೆಳಗೆ ನೋಡಿ. ಮಕ್ಕಳು ಜೊತೆಯಲ್ಲಿದ್ದರೆ ಅವರಿಗೂ ತೋರಿಸಿ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ ಎಂದು ಇನ್ನು ಕೇಳಬೇಕಾಗಿಲ್ಲ. ಮೇಯಿಸುತ್ತಲೇ ಇದ್ದಾನೆ. ಬಡಿಸುವ ನೀರು ಬರುವ ಹಾದಿಯನ್ನು ನಾವು ಮುಚ್ಚದಿದ್ದರೆ ಸಾಕು.